ತಣ್ಣೀರು

ಶಿಡ್ಲಘಟ್ಟದಲ್ಲಿ, ಗೂಡಿನ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ
ಬೀಗ ಬಿದ್ದಿದ್ದ ನೂಲು ಬಿಚ್ಚುವ ಶೆಡ್ಡಿನೊಳಗೆ
ನಾಟಕ. ಕುರ್ಚಿಯಿಲ್ಲ, ಪರದೆಯಿಲ್ಲ.
ಟಿಕೆಟ್ಟಿನ ಬದಲು ಒಂದು ಕಪ್ಪು ಬಟ್ಟೆ
ಕಣ್ಣಿಗೆ ಕಟ್ಟಿಕೊಳ್ಳಲು.
ಒಂದು ಸಲಕ್ಕೆ ಒಬ್ಬರೇ ಪ್ರೇಕ್ಷಕರು.
ಪ್ರೇಕ್ಷಕರು ಅನ್ನಬೇಡ, ನೋಡುವುದೇ ಇಲ್ಲವಲ್ಲ,
ಬೇರೆ ಪದ ಹುಡುಕು ಅಂದಿದ್ದಳು ಸುಚೇತಾ, ಆಡಿಸುವವಳು.
ಇನ್ನೂ ಹುಡುಕಿಲ್ಲ.

ನನ್ನ ಕೆಲಸ ಬಾಗಿಲಲ್ಲಿ:
ಬಂದವರ ಎರಡು ಬೆರಳಿಗೆ ತಂತಿ ಸಿಕ್ಕಿಸುವುದು.
ಬೆವರು ಓದುವ ತಂತಿ. ಒಳಗೆ ಅವರು ಬೆಚ್ಚಿದರೆ
ಹೊರಗೆ ನನ್ನ ಲ್ಯಾಪ್‌ಟಾಪಿನಲ್ಲಿ
ಗೆರೆಯೊಂದು ಹೆಡೆಯೆತ್ತುತ್ತದೆ.

ಮೂರನೆಯ ದಿನ, ಹನ್ನೊಂದನೆಯವರಾಗಿ, ಹಲೀಮಾ ಬೀ.
"ನಂದೇ ಶೆಡ್ಡು ಇದು" ಎಂದರು. ತಿದ್ದಿಕೊಂಡರು:
"ಅಂದ್ರೆ, ಮಾಲೀಕರದು. ಮೂರನೇ ಒಲೆ ನಂದು,
ಹತ್ತೊಂಬತ್ತು ವರ್ಷ."
ತಂತಿ ಹಾಕಿದೆ. ಗೆರೆ ಮಲಗಿಯೇ ಇತ್ತು.
ತೆಗೆದೆ, ಒರೆಸಿದೆ, ಮತ್ತೆ ಹಾಕಿದೆ. ಸತ್ತ ಗೆರೆ.
ಅವರು ಕೈ ತಿರುಗಿಸಿ ತೋರಿಸಿದರು:
ಕುದಿನೀರಿನಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ತಮ್ಮ ತುದಿ ಸವೆಸಿಕೊಂಡ ಬೆರಳು. ಗೀರಿಲ್ಲ, ಸುಳಿಯಿಲ್ಲ.
"ರೇಷನ್ ಅಂಗಡಿ ಮಿಷಿನ್ನೂ ಹಿಂಗೇ ಕಣಮ್ಮ,
ನಾನು ನಾನಲ್ಲ ಅಂತದೆ."
ನಮೂನೆಯಲ್ಲಿ 'ಬೆರಳು' ಎಂದು ಅಚ್ಚಾಗಿದ್ದುದನ್ನು
ಹೊಡೆದು ಹಾಕಿ 'ಅಂಗಾಲು' ಎಂದು ಬರೆದೆ.
ಅಂಗಾಲು ಮಾತಾಡಿತು.

ಒಳಗಿನದೆಲ್ಲ ನನಗೆ ಬಾಯಿಪಾಠ.
ಮೊದಲು ಏಳು ಹೆಜ್ಜೆ ಒದ್ದೆ ನೆಲ.
ಆಮೇಲೆ ಕಿವಿಯ ಪಕ್ಕ ರಾಟೆ ತಿರುಗುತ್ತದೆ
(ತಿರುಗುವುದು ಸೈಕಲ್ಲಿನ ಹಿಂದಿನ ಗಾಲಿ).
ಆಮೇಲೆ ವಾಸನೆ. ಬೆಂದ ಹುಳದ ವಾಸನೆ ತರಲು
ಸೀಸೆ ಸೀಸೆ ಬೆರೆಸಿ ಸೋತ ಸುಚೇತಾ
ಕೊನೆಗೆ ಹುಳವನ್ನೇ ಕೊಂಡು ತಂದಿದ್ದಳು, ಒಂದು ಬಕೆಟ್ಟು.
ಆಮೇಲೆ ಒಂದು ಕೈ ನಿಮ್ಮ ಕೈ ಹಿಡಿದು
ಬೋಗುಣಿಯ ಮೇಲಕ್ಕೆ ಒಯ್ಯುತ್ತದೆ. ಏನೂ ಹೇಳುವುದಿಲ್ಲ.
ಅದ್ದುತ್ತದೆ.
ನೀರು ನಲ್ಲಿಯದು. ಬೆಳಿಗ್ಗೆ ನಾನೇ ತುಂಬಿದ್ದು.

ಗೆರೆ ನೋಡುತ್ತ ಕೂತೆ.
ರಾಟೆಗೆ ಅಲುಗಲಿಲ್ಲ. ಉಳಿದ ಹತ್ತು ಮಂದಿ
ಮೂಗು ಮುಚ್ಚಿಕೊಂಡ ವಾಸನೆಗೆ ಇನ್ನಷ್ಟು ಇಳಿಯಿತು,
ಮನೆ ಮುಟ್ಟಿ ಚಪ್ಪಲಿ ಬಿಟ್ಟವರ ಹಾಗೆ.
ಆಮೇಲೆ ಏರಿತು, ಕಂಬದಂತೆ.
ಬೆರಳು ನೀರು ಮುಟ್ಟುವ ಎರಡು ಸೆಕೆಂಡು ಮುಂಚೆ.
"ಯಾ ಅಲ್ಲಾ" ತಗಡು ದಾಟಿ ಬಂದದ್ದು ಆಮೇಲೆ.

ಮೆದುಳು ಸುದ್ದಿಗೆ ಕಾಯುವುದಿಲ್ಲ ಎಂದು ಓದಿದ್ದೇನೆ.
ತಾನೇ ಬರೆದಿಟ್ಟುಕೊಳ್ಳುತ್ತದೆ,
ಚರ್ಮ ಓಡಿಬಂದು ಹೇಳಿದರೆ
ಒಂದೆರಡು ಅಕ್ಷರ ತಿದ್ದುತ್ತದೆ.
ಇಲ್ಲಿಯೂ ಹೇಳಿರಬೇಕು ಚರ್ಮ, ತಣ್ಣಗಿದೆ ಎಂದು.
ರೇಷನ್ ಅಂಗಡಿಯೇ ಒಪ್ಪದ ಬೆರಳಿನ ಸಾಕ್ಷಿ
ಮೆದುಳು ಒಪ್ಪೀತೆ?

ಬಟ್ಟೆ ಬಿಚ್ಚಿದೆ. ಬೆರಳು ಊದಿಕೊಳ್ಳುತ್ತಿದ್ದರು.
"ತಣ್ಣೀರು ಅದು" ಎಂದೆ.
"ಗೊತ್ತು" ಎಂದರು, ಊದುತ್ತಲೇ.
ಹೋಗುವಾಗ ಒಂದು ದೂರು:
"ಆ ಹುಡುಗ ಕೈ ಹಿಡಿದದ್ದು ಸರಿಯಿಲ್ಲ.
ನೀರಿಗೆ ಯಾರೂ ಹಂಗೆ
ಮೆಲ್ಲಗೆ ಇಳಿಸಾಕಿಲ್ಲ."

ರಾತ್ರಿ ಎಲ್ಲರೂ ಹೋದ ಮೇಲೆ ನಾನೂ ಕಟ್ಟಿಕೊಂಡೆ.
ಏಳು ಹೆಜ್ಜೆ. ಗಾಲಿ ನಾನೇ ತಿರುಗಿಸಿ ಬಂದೆ.
ಮೆಲ್ಲಗಲ್ಲ, ಒಮ್ಮೆಲೇ ಅದ್ದಿದೆ.
ತಣ್ಣಗಿತ್ತು. ಬರೀ ತಣ್ಣಗಿತ್ತು.
ತಳದಲ್ಲೊಂದು ಗೂಡು ಉಳಿದಿತ್ತು, ಮೆತ್ತಗೆ ನೆನೆದು.
ಸುಳಿಗಳೆಲ್ಲ ನೆಟ್ಟಗಿರುವ ನನ್ನ ಹತ್ತು ಬೆರಳಲ್ಲಿ
ತಿರುಗಿಸಿ ತಿರುಗಿಸಿ ನೋಡಿದೆ,
ಎಳೆಯ ತುದಿ ಸಿಗಲಿಲ್ಲ.